ಹೊಕ್ಕಳ ಕೆಳಗಿನ ಗಾಳಿ

ನನ್ನ ಬಲ ಹೆಗಲು ಎಡ ಹೆಗಲಿಗಿಂತ ಎರಡು ಬೆರಳು ತಗ್ಗಿತ್ತು. ಅದಕ್ಕೆ ಕಾರಣ ಯಾವ ದೇವರೂ ಅಲ್ಲ, ನನ್ನ ತಮ್ಮ. ಅವನು ಹುಟ್ಟಿದಾಗ ನನಗೆ ಎಂಟು ವರ್ಷ. ಅವ್ವ ಗದ್ದೆಗೆ ಹೋದಳೆಂದರೆ ಅವನು ನನ್ನ ಎಡ ಸೊಂಟದ ಮೇಲೆ. ಎರಡು ವರ್ಷ ಹೊತ್ತು ತಿರುಗಿದ್ದಕ್ಕೆ ನನ್ನ ಮೈ ಬಲಕ್ಕೆ ವಾಲಿಕೊಂಡಿತು, ಅವನನ್ನು ಇಳಿಸಿದ ಮೇಲೂ ವಾಲಿಕೊಂಡೇ ನಡೆಯುತ್ತಿದ್ದೆ. ಈ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಊರಿನ ಹೆಂಗಸರು ಅವ್ವನ ಮುಂದೆಯೇ ಆಡಿಕೊಳ್ಳುತ್ತಿದ್ದರು. ಅವರ ಮೇಲಿನ ಸಿಟ್ಟನ್ನು ಅವ್ವ ನನ್ನ ಬೆನ್ನಿನ ಮೇಲೆ ತೀರಿಸಿಕೊಳ್ಳುತ್ತಿದ್ದಳು. ನೆಟ್ಟಗೆ ನಡಿ ಎಂದು ಎಲ್ಲರೂ ಹೇಳುವವರೇ, ನೆಟ್ಟಗೆ ನಡೆಯುವುದು ಹೇಗೆಂದು ಹೇಳಿಕೊಟ್ಟವರು ಒಬ್ಬರೂ ಇಲ್ಲ. ಹೇಳಿಕೊಟ್ಟವನು ಚಿಕ್ಕಪ್ಪ. ಅದಕ್ಕೆ ನಾನು ಅವನಿಗೆ ಏನು ಮಾಡಿದೆ ಎಂಬುದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ನಮ್ಮ ಊರು ಮದ್ದೂರಿನ ಆಚೆ, ವೈದ್ಯನಾಥಪುರ ದಾಟಿ ಶಿಂಷಾ ಹೊಳೆಯ ಗುಂಟ ಇನ್ನಷ್ಟು ಕೆಳಗೆ. ಚಿಕ್ಕಪ್ಪ ಅಪ್ಪನಿಗೆ ಒಬ್ಬನೇ ತಮ್ಮ. ಹೊಲಗದ್ದೆಯ ಆರಂಬದಲ್ಲಿ ಮನಸ್ಸಿಲ್ಲದೆ ಮಂಡ್ಯಕ್ಕೆ ಹೋಗಿ ಫಿಟ್ಟರ್ ಕೆಲಸ ಕಲಿತು, ಅಲ್ಲಿಂದ ಯಾರೋ ಕಂಟ್ರಾಕ್ಟರನ ಹಿಂದೆ ರಂಗೂನಿಗೆ ಹೋಗಿ ಅಕ್ಕಿ ಗಿರಣಿಯಲ್ಲಿ ಸೇರಿಕೊಂಡಿದ್ದ. ಜಪಾನಿನವರು ರಂಗೂನಿಗೆ ಬಂದ ವರ್ಷ ಅವನೂ ಸಾವಿರಾರು ಜನರ ಜೊತೆ ನಡೆದುಕೊಂಡೇ ಬೆಟ್ಟ ದಾಟಿ ಬಂದ. ಅವನ ಗುಂಪಿನಲ್ಲಿ ಹೊರಟವರು ಏಳು ಜನ, ಬೆಟ್ಟದ ಈಚೆಗೆ ಇಳಿದವನು ಅವನೊಬ್ಬನೇ. ಮದ್ದೂರು ಸ್ಟೇಷನ್ನಿನಿಂದ ಮನೆಯ ತನಕ ಬಂದು ಬಾಗಿಲಲ್ಲಿ ನಿಂತಾಗ ನನ್ನ ಅಜ್ಜಿ, ಅಂದರೆ ಅವನನ್ನು ಹೆತ್ತವಳು, ಯಾರಪ್ಪ ಬೇಕಾಗಿತ್ತು ಎಂದು ಕೇಳಿದಳು.

ಬಂದ ಮೂರನೆಯ ದಿನದಿಂದ ಅವನು ನಿಲ್ಲತೊಡಗಿದ. ಹೊತ್ತು ಹುಟ್ಟುವ ಮುಂಚೆ ಎದ್ದು ಊರ ಹೊರಗಿನ ಕಣಕ್ಕೆ ಹೋಗಿ, ಹೊಂಗೆ ಮರದ ಕೆಳಗೆ, ಎರಡೂ ತೋಳನ್ನು ಎದೆಯ ಮುಂದೆ ದುಂಡಗೆ ಹಿಡಿದು ನಿಂತುಬಿಡುತ್ತಿದ್ದ. ಅಷ್ಟೇ. ಮಂತ್ರವಿಲ್ಲ, ನಮಸ್ಕಾರವಿಲ್ಲ, ಸೂರ್ಯ ಹುಟ್ಟಿದರೆ ಅವನ ಕಡೆ ತಿರುಗುವುದೂ ಇಲ್ಲ. ಗರಡಿಯ ಸಾಮು ಗೊತ್ತಿದ್ದ ಜನ ನಮ್ಮವರು, ದಂಡ ಬಸ್ಕಿ ಹೊಡೆದಿದ್ದರೆ ಮೆಚ್ಚಿಕೊಳ್ಳುತ್ತಿದ್ದರು. ಸುಮ್ಮನೆ ನಿಂತವನನ್ನು ಏನು ಮಾಡುವುದು? ಕೊಕ್ಕರೆ ಬೆಳ್ಳೂರಿಗೆ ಹೋಗಬೇಕಾದ ಹಕ್ಕಿ ದಾರಿ ತಪ್ಪಿ ನಮ್ಮೂರಿಗೆ ಬಂದಿದೆ ಎಂದು ನಗಾಡಿದರು. ಒಂದು ದಿನ ಎಮ್ಮೆಯೊಂದು ಬಂದು ಅವನ ಕೈ ಮೂಸಿ, ಬೆರಳು ನೆಕ್ಕಿ ಹೋಯಿತು. ಆಗಲೂ ಅವನು ಅಲುಗಲಿಲ್ಲ. ಅಂದಿನಿಂದ ನಗುವುದು ಕಡಿಮೆಯಾಗಿ ಪಿಸುಮಾತು ಶುರುವಾಯಿತು.

ನಾನು ನೋಡಲು ಹೋದವಳು ದಿನಾ ಹೋಗತೊಡಗಿದೆ. ಒಂದು ವಾರ ಅವನು ನನ್ನ ಕಡೆ ತಿರುಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹೊಂಗೆಯ ಕೊಂಬೆಗೆ ದಾರ ಕಟ್ಟಿ, ಗಾರೆಯವರು ಗೋಡೆ ನೆಟ್ಟಗಿದೆಯೇ ಎಂದು ನೋಡುವ ಹಾಗೆ ತುದಿಗೊಂದು ಕಲ್ಲು ಕಟ್ಟಿ ಇಳಿಬಿಟ್ಟ. ನನ್ನನ್ನು ಅದರ ಪಕ್ಕದಲ್ಲಿ ನಿಲ್ಲಿಸಿದ. ಕಿವಿ, ಹೆಗಲು, ಸೊಂಟ, ಕಾಲಿನ ಹರಡು ಎಲ್ಲವೂ ಆ ದಾರದ ಗೆರೆಗೆ ಬರಬೇಕು ಎಂದ. ನನ್ನದು ಒಂದೂ ಬರಲಿಲ್ಲ. ಅವನು ಬೈಯಲಿಲ್ಲ. ನಾನು ಅತ್ತುಬಿಟ್ಟೆ, ಏಕೆಂದರೆ ನನ್ನ ಮೈಯನ್ನು ಬೈಯದೆ ನೋಡಿದ ಮೊದಲ ಮನುಷ್ಯ ಅವನೇ.

ಅವನು ಕಲಿಸಿದ್ದು ಕೆಳಗಿನಿಂದ ಮೇಲಕ್ಕೆ. ಪಾದ ಹೆಗಲಿನಷ್ಟು ಅಗಲ, ಬೆರಳು ಮುಂದಕ್ಕೆ, ಭಾರ ಹಿಮ್ಮಡಿಗೂ ಅಲ್ಲ ಬೆರಳಿಗೂ ಅಲ್ಲ, ನಡುಪಾದಕ್ಕೆ. ಮಂಡಿಯನ್ನು ಬಿಗಿಯಬಾರದು, ಜಗಲಿಯ ಮೇಲೆ ಕೂರಲು ಹೋಗಿ ಇನ್ನೇನು ಕೂತೆ ಎನ್ನುವಾಗ ನಿಲ್ಲಿಸಿದಷ್ಟು ಸಡಿಲ ಇರಬೇಕು. ಬೆನ್ನಿನ ಕೆಳಗಿನ ಮೂಳೆ ನೆಲದ ಕಡೆ ತೂಗಬೇಕು. ಹೆಗಲು ನೊಗ ಇಳಿಸಿದ ಎತ್ತಿನ ಹೆಗಲಾಗಬೇಕು. ನೆತ್ತಿಯ ಮೇಲೆ ತುಂಬಿದ ಬಿಂದಿಗೆ ಇದೆಯೆಂದುಕೊಂಡರೆ ಕತ್ತು ತಾನೇ ಉದ್ದವಾಗುತ್ತದೆ, ಗಲ್ಲ ತಾನೇ ಒಳಕ್ಕೆ ಹೋಗುತ್ತದೆ. ನಾಲಿಗೆಯ ತುದಿ ಅಂಗುಳಕ್ಕೆ. ಕಣ್ಣು ಅರ್ಧ. ತೋಳಿನಲ್ಲಿ ಕೋಳಿಮರಿಯ ಕುಕ್ಕೆಯನ್ನು ತಬ್ಬಿಕೊಂಡ ಹಾಗೆ, ಬಿಗಿ ಹಿಡಿದರೆ ಮರಿ ಸತ್ತಾವು, ಸಡಿಲ ಬಿಟ್ಟರೆ ಕುಕ್ಕೆ ಬಿದ್ದೀತು. ಇಷ್ಟೆಲ್ಲ ಆದ ಮೇಲೆ ಉಸಿರು ಎದೆಯಿಂದ ಕೆಳಕ್ಕೆ, ಹೊಕ್ಕಳಿಂದ ಮೂರು ಬೆರಳು ಕೆಳಕ್ಕೆ ಇಳಿಯಬೇಕು. ಅದು ಇಳಿದ ದಿನ ಮೈ ತಾನೇ ತೂಕ ಹುಡುಕಿಕೊಳ್ಳುತ್ತದೆ ಎನ್ನುತ್ತಿದ್ದ.

ಇದನ್ನೆಲ್ಲ ಅವನಿಗೆ ಹೇಳಿಕೊಟ್ಟವನು ಗಿರಣಿಯಲ್ಲಿದ್ದ ಒಬ್ಬ ಚೀನಾದ ಮುದುಕ, ಬಡಗಿ. ಮೂಟೆ ಎತ್ತಲು ಹೋಗಿ ಚಿಕ್ಕಪ್ಪನ ಬೆನ್ನು ಹಿಡಿದುಕೊಂಡಾಗ ಆ ಮುದುಕ ಔಷಧ ಕೊಡದೆ ನಿಲ್ಲಿಸಿದನಂತೆ. ಇಳಿಯಬೇಕಾದ ಆ ಉಸಿರಿಗೆ ಮುದುಕನ ಭಾಷೆಯಲ್ಲಿ ಒಂದು ಪದವಿತ್ತು. ಅದು ಚಿಕ್ಕಪ್ಪನ ನಾಲಿಗೆಗೆ ಹೊರಳಲಿಲ್ಲ, ಹೊರಳದ್ದಕ್ಕೆ ಅವನು ಗಾಳಿ ಎಂದು ಹೆಸರಿಟ್ಟುಕೊಂಡ. ನಮ್ಮ ಕಡೆ ಬೀಸುವುದೂ ಗಾಳಿ, ಸತ್ತವರು ನೆಲೆ ಸಿಗದೆ ಬಂದು ಮೈಮೇಲೆ ಸೇರಿಕೊಳ್ಳುವುದೂ ಗಾಳಿ. ಉಸಿರು ಎಂದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕವಿಲ್ಲದಷ್ಟು ಸಲ ಯೋಚಿಸಿದ್ದೇನೆ. ಅಷ್ಟು ದೂರ ಹೋಗಿ ಬಂದವನಿಗೆ ಒಂದು ಪದ ಆರಿಸಲು ಬರಲಿಲ್ಲವಲ್ಲ ಎಂದು ಅವನ ಮೇಲೆ ಸಿಟ್ಟೂ ಬರುತ್ತದೆ.

ಆ ಮುದುಕ ಬೆಟ್ಟದ ದಾರಿಯಲ್ಲಿ ಕೊನೆಗೆ ಸತ್ತವನು. ಸತ್ತ ಆರು ಜನರಲ್ಲಿ ಒಬ್ಬರಿಗೂ ಗುಂಡಿ ತೋಡಲಾಗಲಿಲ್ಲ, ಮುದುಕನನ್ನಂತೂ ಮರಕ್ಕೆ ಒರಗಿಸಿ ಬಂದನಂತೆ. ಚಿಕ್ಕಪ್ಪ ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನಗೆ ಹೇಳಿದ್ದೂ ನಾನು ಕೇಳಿದ್ದಕ್ಕೆ. ನಿದ್ದೆ ಮಾಡದೆ ಬಂದು ನಿಲ್ಲುತ್ತೀಯಲ್ಲ, ಕಾಲು ನೋಯುವುದಿಲ್ಲವೇ ಎಂದು ಕೇಳಿದ್ದೆ.

"ಮಲಗುದ್ರೆ ಅವ್ರು ಬತ್ತಾರೆ ಕಣವ್ವ," ಎಂದ. "ನಡುದ್ರೆ ಇಂದಿಂದೇ ಬತ್ತಾರೆ. ಇಂಗೆ ನಿಂತ್ರೆ ಅವ್ರೂ ನಿಂತ್ಕತಾರೆ. ಆಗ ನಂಗೆ ಒಸಿ ಸುಧಾರಿಸ್ಕಳಕ್ಕೆ ಆಯ್ತದೆ."

ಹೇಳಿದ ದನಿಯಲ್ಲಿ ಹೆದರಿಕೆ ಇರಲಿಲ್ಲ, ನೆಂಟರ ವಿಷಯ ಹೇಳಿದ ಹಾಗಿತ್ತು. ಹೆದರಿದವಳು ನಾನು. ಮಾರನೆಯ ದಿನ ಅವನ ಪಕ್ಕದಲ್ಲಿ ನಿಂತಾಗ ಕಣದಲ್ಲಿ ಇಬ್ಬರ ಉಸಿರಿಗಿಂತ ಹೆಚ್ಚು ಉಸಿರು ಕೇಳಿಸಿತು. ನನ್ನದನ್ನು ಬಿಗಿಹಿಡಿದು ನೋಡಿದೆ. ಆಗಲೂ ಹೆಚ್ಚೇ ಇತ್ತು. ಹೊಂಗೆಯ ಎಲೆ ಇರಬಹುದು, ಕಟ್ಟಿದ ದನಗಳು ಇರಬಹುದು. ಈಗ ನನಗೆ ಅಜ್ಜಿಗೆ ಆಗ ಇದ್ದದ್ದಕ್ಕಿಂತ ಹೆಚ್ಚು ವಯಸ್ಸು, ದಿನವೂ ನಿಲ್ಲುತ್ತೇನೆ, ಈಗಲೂ ಅದು ಕೇಳಿಸುತ್ತದೆ. ಎಷ್ಟೆಂದು ಎಣಿಸಲು ಮಾತ್ರ ಹೋಗುವುದಿಲ್ಲ.

ಸುಗ್ಗಿಯ ಹೊತ್ತಿಗೆ ನನ್ನ ಹೆಗಲು ಮೇಲೆ ಬಂದಿತ್ತು. ಅವ್ವ ಒಂದು ದಿನ ತಲೆ ಬಾಚುವಾಗ ಎರಡೂ ಹೆಗಲ ಮೇಲೆ ಕೈಯಿಟ್ಟು ಅಳತೆ ನೋಡಿ, ಮುಡಿಗೆ ಒಂದು ಹೂವು ಹೆಚ್ಚಿಗೆ ಇಟ್ಟಳು. ಆ ಸಂತೋಷವೇ ನನ್ನ ಬಾಯಿ ಸಡಿಲ ಮಾಡಿತೋ ಏನೋ.

ಮಾರ್ಗಶಿರದ ಚಳಿ. ಅಂದು ಬೆಳಿಗ್ಗೆ ಬಹಳ ಹೊತ್ತು ನಿಂತಿದ್ದೆ. ಮೊದಲ ಸಲ ಉಸಿರು ಅವನು ಹೇಳಿದ ಜಾಗಕ್ಕೆ ಇಳಿದು, ಅಂಗೈ ಬಿಸಿಯಾಗಿ, ತೊಡೆ ತಾನಾಗಿ ನಡುಗಿತ್ತು. ಹಾಗೆ ನಡುಗುವುದು ಒಳ್ಳೆಯದು ಎಂದು ಅವನೇ ಹೇಳಿದ್ದ. ಮನೆಗೆ ಬಂದಾಗ ಚಳಿಯಲ್ಲೂ ನನ್ನ ಹಣೆಯಲ್ಲಿ ಬೆವರಿತ್ತು, ಕಾಲು ಇನ್ನೂ ನಡುಗುತ್ತಿತ್ತು. ರಾಗಿ ಕೇರುತ್ತಿದ್ದ ಅಜ್ಜಿ ಏನಾಯಿತೆಂದು ಕೇಳಿದಳು.

"ಒಟ್ಟೆ ಒಳಕ್ಕೆ ಗಾಳಿ ಇಳುದದೆ ಕಣಜ್ಜಿ," ಎಂದೆ. "ಚಿಕ್ಕಪ್ಪನೇ ಇಳಿಸ್ಕೊಟ್ಟ."

ನನಗೆ ಹೆಮ್ಮೆ. ಅಜ್ಜಿ ಮೊರವನ್ನು ಕೆಳಗಿಟ್ಟಳು. ಅವನಿಗೂ ಇಳಿಯುತ್ತದಾ ಎಂದು ಕೇಳಿದಳು. ದಿನಾ ಇಳಿಯುತ್ತದೆ ಎಂದೆ. ನೀವಿಬ್ಬರೇ ಇರುತ್ತೀರಾ, ಮತ್ತೆ ಯಾರಾದರೂ ಇರುತ್ತಾರಾ ಎಂದು ಮೆಲ್ಲಗೆ, ತಲೆ ಸವರುತ್ತಾ ಕೇಳಿದಳು. ಅಲ್ಲಿ ನಾನು ನಿಲ್ಲಿಸಬಹುದಾಗಿತ್ತು. ಅವನು ನನಗೊಬ್ಬಳಿಗೇ ಹೇಳಿದ ಮಾತು ಅದು. ಆದರೆ ನನ್ನನ್ನು ಅಷ್ಟು ಗಮನವಿಟ್ಟು ಯಾರೂ ಯಾವತ್ತೂ ಕೇಳಿರಲಿಲ್ಲ. ಬೆಟ್ಟದಲ್ಲಿ ಸತ್ತವರು ಬಂದು ನಿಲ್ಲುತ್ತಾರೆ, ಅವರ ಉಸಿರು ನನಗೂ ಕೇಳಿಸುತ್ತದೆ ಎಂದು ಎಲ್ಲವನ್ನೂ ಹೇಳಿಬಿಟ್ಟೆ.

ಅಜ್ಜಿಯನ್ನು ಕೆಟ್ಟವಳೆಂದು ಬರೆಯಲು ನನ್ನಿಂದಾಗದು. ಮಗ ಮರಳಿ ಬಂದರೂ ಮಗನಾಗಿ ಬಂದಿಲ್ಲ ಎಂದು ಅವಳು ತಿಂಗಳುಗಟ್ಟಲೆ ಒಳಗೇ ಕುದಿಯುತ್ತಿದ್ದಳು. ಈಗ ಅದಕ್ಕೊಂದು ಹೆಸರು ಸಿಕ್ಕಿತು, ಹೆಸರಿದ್ದ ಮೇಲೆ ಬಿಡಿಸುವವನೂ ಸಿಗುತ್ತಾನೆ. ಅಮಾವಾಸ್ಯೆಯ ದಿನ ಹಲಗೂರಿನ ಕಡೆಯಿಂದ ಒಬ್ಬ ಗಾಳಿ ಬಿಡಿಸುವವನು ಬಂದ. ಯುದ್ಧಕಾಲದ, ಇದ್ದಿಲಿನಿಂದ ಓಡುವ ಬಸ್ಸು ದಾರಿಯಲ್ಲಿ ಎರಡು ಸಲ ನಿಂತಿತೆಂದು ಬೈದುಕೊಂಡೇ ಬಂದು, ಮಜ್ಜಿಗೆ ಕುಡಿದು, ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. ಇವನದು ಹಳೆಯದು, ಬೇರು ಬಿಟ್ಟಿದೆ, ಹುಡುಗಿಯದು ಹಸಿ, ಮೊದಲು ಅದನ್ನು ಕೀಳೋಣ ಎಂದ.

ನಡುಮಧ್ಯಾಹ್ನ, ಮನೆಯ ಅಂಗಳ, ಊರೆಲ್ಲ ನೆರೆದಿತ್ತು. ನನ್ನ ಜಡೆಯನ್ನು ಕಂಬಕ್ಕೆ ಕಟ್ಟಿದರು. ಕೆಂಡದ ಮೇಲೆ ಒಣಮೆಣಸಿನಕಾಯಿ ಹಾಕಿದರು. ಚಿಕ್ಕಪ್ಪ ಅಷ್ಟು ಹೊತ್ತೂ ಅಪ್ಪನ ಹತ್ತಿರ ವಾದ ಮಾಡುತ್ತಿದ್ದ. ಅಪ್ಪನ ಅಂಗೈಯನ್ನು ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡು, ನೋಡು, ಇದು ಉಸಿರು, ಬರೀ ಉಸಿರು ಎಂದು ತೋರಿಸುತ್ತಿದ್ದ. ಈಗ ಉಸಿರು ಎಂದರೆ ಯಾರು ಕೇಳುತ್ತಾರೆ? ಅಪ್ಪ ಸುಟ್ಟುಕೊಂಡವನ ಹಾಗೆ ಕೈ ಕಿತ್ತುಕೊಂಡ. ಹುಣಸೆಬರಲು ನನ್ನ ಬೆನ್ನಿನ ಮೇಲೆ ಒಂದು ಸಲ ಬಿತ್ತು, ಚಿಕ್ಕಪ್ಪ ತಾನೇ ಕೈಯಿಟ್ಟು ತಿದ್ದಿದ ಬೆನ್ನು. ಎರಡನೆಯದು ಬೀಳುವ ಮುಂಚೆ ಅವನು ಬಂದು ಆ ಮನುಷ್ಯನ ಮುಂದೆ ಕುಳಿತುಬಿಟ್ಟ.

"ಅವ್ಳ ಮೇಲೆ ಏನೂ ಇಲ್ಲ. ಎಲ್ಲ ನನ್ ಮೇಲವೆ. ನನ್ನ ಕೇಳು," ಎಂದ.

ಆ ಮನುಷ್ಯ ಯಾರು ನೀನು, ಎಲ್ಲಿಂದ ಬಂದೆ ಎಂದು ಕೇಳಿದ. ಚಿಕ್ಕಪ್ಪ ಕಣ್ಣು ಮುಚ್ಚಿ ಒಬ್ಬೊಬ್ಬರ ಹೆಸರನ್ನೇ ಹೇಳುತ್ತಾ ಹೋದ. ಯಾರು ಯಾವ ಹಳ್ಳದ ಹತ್ತಿರ ಬಿದ್ದ, ಯಾರು ನೀರು ಕೇಳಿದ, ಯಾರು ತನ್ನ ಹೆಂಡತಿಗೆ ಏನು ಹೇಳು ಎಂದ. ಅವನು ನಟಿಸುತ್ತಿದ್ದಾನೆಂದು ನಾನು ತಿಳಿದಿದ್ದೆ. ಮೂರನೆಯ ಹೆಸರಿಗೆ ಅವನ ಕಣ್ಣಿನಿಂದ ನೀರಿಳಿದಾಗ ಅಲ್ಲವೆಂದು ಗೊತ್ತಾಯಿತು. ಹೆಂಗಸರು ಅತ್ತರು. ಒಂದೊಂದು ಹೆಸರಿಗೂ ಒಂದು ನಿಂಬೆಹಣ್ಣು ಕುಯ್ದು ಎಸೆದರು. ಚೀನಾದ ಮುದುಕನ ಹೆಸರು ಬಿಡಿಸುವವನ ಬಾಯಿಗೆ ಬರಲಿಲ್ಲ, ಯಾವನಾದರೇನು ಹೋಗಲಿ ಎಂದು ಅವನಿಗೂ ಒಂದು ಕುಯ್ದ.

ಕೊನೆಗೆ ಅವನ ನೆತ್ತಿಯ ಕೂದಲನ್ನು ಅಂಗಳದಾಚೆಯ ಹುಣಸೆಮರಕ್ಕೆ ಮೊಳೆ ಹೊಡೆದು ಕತ್ತರಿಸಿದರು. ಬರೀ ಅಷ್ಟಾಗಿದ್ದರೆ ಕೂದಲು ಮತ್ತೆ ಬೆಳೆಯುತ್ತಿತ್ತು. ಅಜ್ಜಿ ನನ್ನ ಕಟ್ಟು ಬಿಚ್ಚಿ ಕರೆತಂದು, ಅವನ ಬಲಗೈಯನ್ನು ನನ್ನ ತಲೆಯ ಮೇಲೆ ಇಡಿಸಿ ಆಣೆ ಹಾಕಿಸಿದಳು. ಇನ್ನು ಹಾಗೆ ನಿಲ್ಲುವುದಿಲ್ಲ, ನಿಂತರೆ ಇವಳಿಗೆ ಬರಲಿ ಎಂದು ಅವನ ಬಾಯಿಂದ ಹೇಳಿಸಿದಳು. ನನ್ನ ನೆತ್ತಿಯ ಮೇಲೆ ಅವನ ಕೈ ಹಗುರವಾಗಿತ್ತು, ನಿಲುವು ತಿದ್ದುವಾಗ ಇಡುತ್ತಿದ್ದಷ್ಟೇ ಹಗುರ.

ಗಾಳಿ ಬಿಟ್ಟಿತು ಎಂದು ಊರು ಒಪ್ಪಿಕೊಂಡಿತು. ಅವನು ಅಪ್ಪನ ಜೊತೆ ಉತ್ತ, ನೀರು ಕಟ್ಟಿದ, ಆಲೆಮನೆಯಲ್ಲಿ ಒಲೆಯ ಮುಂದೆ ಕುಳಿತ, ಮದುವೆ ಬೇಡವೆಂದ. ನಿದ್ದೆ ಎಂಬುದು ಅವನಿಗೆ ಇರಲಿಲ್ಲ. ವರ್ಷ ಕಳೆದಂತೆ ಕತ್ತು ಮುಂದಕ್ಕೆ ಬಾಗಿತು, ಹೆಗಲು ಕಿವಿಯ ಕಡೆಗೆ ಏರಿತು. ಬೆಳಿಗ್ಗೆ ಹೊತ್ತು ಹುಟ್ಟುವ ಮುಂಚೆ ಎದ್ದು ಬಂದು, ಕೈಗಳನ್ನು ಮಂಡಿಯ ನಡುವೆ ಒತ್ತಿ ಹಿಡಿದುಕೊಂಡು ಜಗಲಿಯ ಮೇಲೆ ಕುಳಿತಿರುತ್ತಿದ್ದ. ಪಾಪ, ಈಗ ಎಷ್ಟು ಸಾಧುವಾಗಿದ್ದಾನೆ ಎಂದು ನೀರಿಗೆ ಹೋಗುವ ಹೆಂಗಸರು ಹೇಳಿಕೊಳ್ಳುತ್ತಿದ್ದರು. ಅವರ ಬಾಯಿಗೆ ಮಣ್ಣು ಹಾಕಬೇಕೆನಿಸುತ್ತಿತ್ತು.

ನನ್ನ ಕೈಯಿಂದ ಯಾರೂ ಆಣೆ ಹಾಕಿಸಿರಲಿಲ್ಲ. ಹುಲ್ಲಿನ ಮೆದೆಯ ಹಿಂದೆ ಕದ್ದು ನಿಲ್ಲುತ್ತಿದ್ದೆ. ಒಂದು ದಿನ ಅವನು ಎತ್ತು ಹಿಡಿದುಕೊಂಡು ಅತ್ತ ಹೋಗುವಾಗ ನನ್ನನ್ನು ನೋಡಿ, ನಿಲ್ಲದೆ, ತಿರುಗದೆ, "ಮಂಡಿ," ಎಂದ. ನಾನು ಮಂಡಿ ಸಡಿಲ ಮಾಡಿದೆ. ಆಮೇಲೆ ಆಲೆಮನೆಗೆ ಬುತ್ತಿ ಕೊಡಲು ಹೋದಾಗ, ಅಲ್ಲಿ ಯಾರೂ ನೋಡುವುದಿಲ್ಲ, ನೀನೂ ಬಾ, ನಿಲ್ಲು ಎಂದು ಗೋಗರೆದೆ. ಆಣೆಯನ್ನು ನೀನು ನಂಬುತ್ತೀಯಾ ಎಂದು ಕೇಳಿದೆ. ನಂಬುವುದಿಲ್ಲ ಎಂದ.

"ನಾ ನಿಂತಿದ್ದು ಇವ್ರಿಗೆ ಗೊತ್ತಾಗಿ, ನಾಳೆ ನಿಂಗೊಂದು ನೆಗಡಿ ಬಂದ್ರೂ ನಿನ್ನ ಕಂಬುಕ್ಕೆ ಕಟ್ತಾರೆ. ನೀನು ಈ ಮನೆ ಬುಟ್ಟು ಓಗೋಗಂಟ ನಾ ನಿಲ್ಲಲ್ಲ ಕಣ್ ಮಗ."

ಹಾಗೆ ಅವನು ಐದು ವರ್ಷ ಕಾದ. ಅವನಿಗೋಸ್ಕರ ಬೇಗ ಮದುವೆಯಾಗಬೇಕೆಂದು ನಾನು ದೇವರಿಗೆ ಹರಕೆ ಹೊತ್ತೆ. ಗಂಡು ಯಾರಾದರೂ ನನಗೆ ಚಿಂತೆಯಿರಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷ ಮಳವಳ್ಳಿಯಿಂದ ನನ್ನನ್ನು ನೋಡಲು ಬಂದರು. ಹುಡುಗಿಯ ನಿಲುವು ಚೆನ್ನಾಗಿದೆ ಎಂದು ನನ್ನ ಅತ್ತೆಯಾಗುವವರು ಮೆಚ್ಚಿಕೊಂಡರು, ಅವ್ವ ಚಿಕ್ಕಪ್ಪನ ಕಡೆ ನೋಡಿ ತಲೆ ತಗ್ಗಿಸಿದಳು. ಮದುವೆಯಾಗಿ ನಾನು ಮಳವಳ್ಳಿಗೆ ಬಂದ ತಿಂಗಳೊಳಗೆ ಅಪ್ಪನ ಜೊತೆ ಬಂದ ನನ್ನ ತಮ್ಮ, ಎಲ್ಲರೂ ಊಟಕ್ಕೆ ಎದ್ದಾಗ ನನ್ನ ಕಿವಿಯಲ್ಲಿ ಹೇಳಿದ. ಚಿಕ್ಕಪ್ಪ ಹೊಳೆಯ ಆಚೆ ಹೋಗಿ ದಿನಾ ನಿಲ್ಲುತ್ತಾನೆ, ಮೊನ್ನೆ ಹೊತ್ತು ನೆತ್ತಿಗೆ ಬರುವ ತನಕ ಮಲಗಿದ್ದ, ಅಜ್ಜಿ ಎಬ್ಬಿಸಿದರೂ ಏಳಲಿಲ್ಲ ಎಂದ. ನಾನು ಹಿತ್ತಲಿಗೆ ಹೋಗಿ ಒಬ್ಬಳೇ ನಕ್ಕೆ. ನನ್ನ ಜೀವನದಲ್ಲಿ ಅಷ್ಟು ಸುಖದ ದಿನಗಳು ಬೆರಳೆಣಿಕೆಯಷ್ಟೇ.

ಅದಾದ ಮೇಲೆ ನನಗೆ ಚಳಿಜ್ವರ ಬಂತು. ಆ ವರ್ಷ ನಮ್ಮ ಬೀದಿಯಲ್ಲಿ ಮನೆಗೊಬ್ಬರು ಚಳಿಜ್ವರದಲ್ಲಿ ಮಲಗಿದ್ದರು. ನನ್ನ ಗಂಡ ಆಸ್ಪತ್ರೆಯಿಂದ ಕ್ವಿನೈನ್ ಗುಳಿಗೆ ತಂದು ನುಂಗಿಸಿದರು. ಸುದ್ದಿ ನಮ್ಮೂರಿಗೆ ಮುಟ್ಟುವುದಕ್ಕೂ, ಚಿಕ್ಕಪ್ಪ ಹೊಳೆಯ ಆಚೆ ನಿಲ್ಲುವುದನ್ನು ಯಾರೋ ಅಜ್ಜಿಗೆ ಹೇಳುವುದಕ್ಕೂ ಸರಿಹೋಯಿತು. ಅಜ್ಜಿ ಅವನನ್ನು ಕರೆದುಕೊಂಡು ಮಳವಳ್ಳಿಗೆ ಬಂದಳು.

ಅಜ್ಜಿ ನನ್ನ ಚಾಪೆಯ ಪಕ್ಕದಲ್ಲಿ ಕುಳಿತು, ಅತ್ತೆಯವರ ಎದುರಿಗೇ ಗಾಳಿ, ಆಣೆ, ಹುಣಸೆಮರ ಎಲ್ಲವನ್ನೂ ತೋಡಿಕೊಂಡಳು. ಅತ್ತೆಯವರ ಮುಖ ಬದಲಾಗುವುದನ್ನು ನಾನು ನೋಡುತ್ತಿದ್ದೆ. ಒಳ್ಳೆಯ ಹೆಂಗಸೇ, ಆದರೆ ನನಗೆ ಗಂಜಿ ಕುಡಿಸುತ್ತಿದ್ದ ಬಟ್ಟಲನ್ನು ಅಲ್ಲೇ ಇಟ್ಟು ಒಂದು ಮಾರು ಹಿಂದಕ್ಕೆ ಸರಿದು ಕುಳಿತರು. ಆ ಮನೆಯ ನಡುವೆಯೂ ಒಂದು ಕಂಬವಿತ್ತು. ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದ. ಒಂದೂವರೆ ತಿಂಗಳಲ್ಲಿ ಅವನ ಕತ್ತು ಅರ್ಧದಷ್ಟು ಮೇಲೆ ಬಂದಿತ್ತು, ಕಣ್ಣಿನ ಕೆಳಗಿನ ಕಪ್ಪು ತಿಳಿಯಾಗಿತ್ತು. ನಿದ್ದೆ ಮಾಡಿದ ಮನುಷ್ಯನ ಮುಖ ಅವನಿಗೆ ಹೇಗಿರುತ್ತದೆ ಎಂದು ನಾನು ಮೊದಲ ಸಲ ನೋಡಿದ್ದು ಅಂದೇ.

"ಇದು ಚಳಿಜ್ವರ, ಊರ್ಗೆಲ್ಲ ಅದೆ," ಎಂದ. "ನೀನೇ ಯೋಳು ಮಗ. ನೀ ಯೋಳುದ್ರೆ ಕೇಳ್ತಾರೆ."

ಎಲ್ಲರೂ ನನ್ನ ಕಡೆ ತಿರುಗಿದರು. ಐದು ವರ್ಷ ನಾನು ಕಾದಿದ್ದ ಗಳಿಗೆ ಅದು. ಹೇಳಬೇಕಾದ ಮಾತು ನಾಲ್ಕೇ ನಾಲ್ಕು. ಅತ್ತೆಯವರ ಕಣ್ಣು, ಕಂಬ, ಬೆನ್ನಿನ ಮೇಲೆ ಆ ಒಂದು ಏಟು, ಇಷ್ಟೇ ನನ್ನ ತಲೆಯಲ್ಲಿದ್ದದ್ದು.

"ನಿಲ್ಬ್ಯಾಡ ಕಣ್ ಚಿಕ್ಕಪ್ಪ," ಎಂದೆ.

ಅವನು ನನ್ನನ್ನು ನೋಡಿದ. ಆ ನೋಟದಲ್ಲಿ ಕೋಪವಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಆಯ್ತು ಕಣವ್ವ," ಎಂದ.

ಅತ್ತೆಯವರು ಹತ್ತಿರ ಬಂದು ನನ್ನ ಹಣೆಗೆ ವಿಭೂತಿ ಹಚ್ಚಿ, ಬಟ್ಟಲು ಕೈಗೆತ್ತಿಕೊಂಡರು. ಚಿಕ್ಕಪ್ಪ ಒಂದು ಚೊಂಬು ನೀರು ಕುಡಿದು ಸಂಜೆಯ ಬಸ್ಸಿಗೆ ಅಜ್ಜಿಯ ಜೊತೆ ಹೊರಟುಹೋದ. ಆಮೇಲೆ ಅವನು ಎಲ್ಲಿಯೂ ನಿಲ್ಲಲಿಲ್ಲ. ಒಂದು ವರ್ಷ ಜಗಲಿಯ ಮೇಲೆ ಕುಳಿತು, ಒಂದು ಬೆಳಿಗ್ಗೆ ಕುಳಿತಲ್ಲೇ ಸತ್ತ. ಚಿಕ್ಕ ವಯಸ್ಸು, ಗಾಳಿ ಮತ್ತೆ ಬಂದಿತ್ತು ಎಂದರು.

ಅವನು ಮಳವಳ್ಳಿಗೆ ಬಂದ ದಿನಕ್ಕೆ ನನ್ನ ಜ್ವರ ಬಿಟ್ಟು ಎರಡು ದಿನವಾಗಿತ್ತು. ಅಂದು ಬೆಳಿಗ್ಗೆ, ಮನೆಯವರು ಏಳುವ ಮುಂಚೆ, ನಾನು ಹಿತ್ತಲಿನಲ್ಲಿ ಅವನು ಕಲಿಸಿದ ಹಾಗೆಯೇ ನಿಂತು ಬಂದು ಮಲಗಿದ್ದೆ.